ಗರ್ಭಚೀಲ ಜಾರಿದರೆ ಮುಚ್ಚಿಡಬೇಡಿ

ಸಂಜೆಯಾಗುತ್ತಿದ್ದಂತೆ ಕಿಬ್ಬೊಟ್ಟೆ ಭಾರ. ಸೊಂಟ ನೋವು. ಕುಕ್ಕರಗಾಲಲ್ಲಿ ಕೂತರೆ ಕೆಳಗೆ ಗಡ್ಡೆ ಇಳಿದಂತೆ. ಕೆಮ್ಮಿದರೆ ಮೂತ್ರ ಹನಿಯುತ್ತದೆ. ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ನೇಕಾರರ, ರೈತರ ಊರುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಇದನ್ನು ನಾಚಿಕೆಯಿಂದ ಮನೆಯಲ್ಲೂ ಹೇಳುವುದಿಲ್ಲ.

ಇದು ಗರ್ಭಚೀಲ ಜಾರುವ ತೊಂದರೆ. ಇದಕ್ಕೆ ಚಿಕಿತ್ಸೆ ಇದೆ.

ಗರ್ಭಚೀಲವನ್ನು ಕೆಳಗಿನಿಂದ ಸ್ನಾಯುಗಳು ಜೋಳಿಗೆಯಂತೆ ಹೊತ್ತಿರುತ್ತವೆ. ಅಕ್ಕಪಕ್ಕದಿಂದ ತಂತುಗಳು ಹಿಡಿದು ನಿಲ್ಲಿಸಿರುತ್ತವೆ. ಹೆರಿಗೆಯಲ್ಲಿ ಇವು ಹಿಗ್ಗುತ್ತವೆ. ಹಲವು ಹೆರಿಗೆ, ಬಾಣಂತನದಲ್ಲೇ ಕೊಡ, ಹೊರೆ ಎತ್ತುವುದು, ಹಳೆಯ ಕೆಮ್ಮು, ಮಲಬದ್ಧತೆ, ಮುಟ್ಟು ನಿಂತ ವಯಸ್ಸು ಇವನ್ನು ಇನ್ನಷ್ಟು ಸಡಿಲಗೊಳಿಸುತ್ತವೆ.

ಆರಂಭದಲ್ಲಿ ವ್ಯಾಯಾಮ ನೆರವಾಗುತ್ತದೆ. ಮೂತ್ರ ತಡೆಯಲು ಬಳಸುವ ಸ್ನಾಯುಗಳನ್ನು 5 ಸೆಕೆಂಡು ಬಿಗಿಹಿಡಿದು ಬಿಡಬೇಕು. ಒಮ್ಮೆಗೆ 10 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಇನ್ನೊಂದು ದಾರಿ ಪೆಸರಿ ಎಂಬ ಸಿಲಿಕೋನ್ ಉಂಗುರ. ವೈದ್ಯರು ಅಳತೆ ನೋಡಿ ಅದನ್ನು ಒಳಗಿಡುತ್ತಾರೆ. ಆಗಾಗ ತೆಗೆದು ತೊಳೆಯಬೇಕು.

ಹೆಚ್ಚು ಜಾರಿದ್ದರೆ ಶಸ್ತ್ರಚಿಕಿತ್ಸೆ. ಆಗಲೂ ಎಲ್ಲರಿಗೂ ಗರ್ಭಚೀಲ ತೆಗೆಯಲೇಬೇಕೆಂದಿಲ್ಲ. ಹುಬ್ಬಳ್ಳಿಯಲ್ಲಿ ಶಾಲೆ ಕಲಿತ ಡಾ. ವಿ.ಎನ್. ಶಿರೋಡ್ಕರ್, ಅದನ್ನು ಉಳಿಸಿಕೊಂಡೇ ಮೇಲೆತ್ತಿ ಕಟ್ಟುವ ವಿಧಾನ ರೂಪಿಸಿದರು. ಅದು ಇಂದಿಗೂ ಅವರ ಹೆಸರಿನಲ್ಲೇ ಇದೆ.

ರಕ್ತ ಹೋದರೆ, ಹುಣ್ಣಾದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಿ. ಉಳಿದವರೂ ತಡಮಾಡಬೇಡಿ. ಅವ್ವಾ, ಅಕ್ಕಾ, ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ರಾಮದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ.