ಕಾವಲುಗಾರನಿಗೂ ವಯಸ್ಸಾಗುತ್ತದೆ!

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಗಳ ಮನೆಗೆ ಹೋಗಿಬಂದ ಅಜ್ಜ-ಅಜ್ಜಿಯರು ಅಲ್ಲಿ ಗೋಡೆಯ ಮೇಲೆ ಅಂಗೈಯಗಲದ ಡಬ್ಬಿಯೊಂದನ್ನು ನೋಡಿರಬಹುದು. ಅದು ಕಾರ್ಬನ್ ಮೊನಾಕ್ಸೈಡ್ ಅಲಾರಂ.

ಸೌದೆ, ಇದ್ದಿಲು, ಗ್ಯಾಸ್, ಪೆಟ್ರೋಲ್ ಯಾವುದೇ ಆಗಲಿ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದರೆ ಈ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಆಮ್ಲಜನಕಕ್ಕೆ ಜಾಗವೆಲ್ಲಿ?

ಹಿಂದೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಇದರ ಕಾವಲಿಗೆ ಪುಟ್ಟ ಕೆನರಿ ಹಕ್ಕಿಗಳಿದ್ದವು. ಮನುಷ್ಯರಿಗಿಂತ ಮೊದಲೇ ಅವು ಕುಸಿಯುತ್ತಿದ್ದವು. ಈ ಉಪಾಯ ಹೇಳಿಕೊಟ್ಟವರು ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಹಕ್ಕಿಗಳ ಬದಲು ಯಂತ್ರ ಬಳಸುವ ತೀರ್ಮಾನವಾದದ್ದು 1986ರಲ್ಲಿ.

ಯಂತ್ರವನ್ನು ಎಷ್ಟು ನಂಬಬಹುದು? ಹೆಚ್ಚಿನ ಅಲಾರಂಗಳೊಳಗೆ ಒಂದು ರಾಸಾಯನಿಕ ಕೋಶವಿರುತ್ತದೆ. ಅನಿಲ ತಾಗಿದಾಗ ಅದರಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತದೆ. ಆದರೆ ಅನಿಲ ಬಂದ ಕೂಡಲೇ ಅದು ಕೂಗುವುದಿಲ್ಲ. ಅಮೆರಿಕದ ನಿಯಮದಂತೆ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ ಅನಿಲವಿದ್ದರೆ 1ರಿಂದ 4 ಗಂಟೆಯೊಳಗೆ, 400 ಭಾಗವಿದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. ಕ್ಷಣಕಾಲ ಸುಳಿದುಹೋದ ಹೊಗೆಗೆಲ್ಲ ಸುಮ್ಮನೆ ಕೂಗಿ ಗಾಬರಿಪಡಿಸಬಾರದೆಂದೇ ಈ ಲೆಕ್ಕ. ಆದರೆ ಗರ್ಭಿಣಿಯರಿಗೆ, ಹೃದ್ರೋಗಿಗಳಿಗೆ, ಎಳೆಯರಿಗೆ ಅದಕ್ಕಿಂತ ಕಡಿಮೆ ಅನಿಲವೂ ತೊಂದರೆ ಕೊಡಬಹುದು. ಆದ್ದರಿಂದ ಅಲಾರಂ ಸುಮ್ಮನಿದೆಯೆಂದು ನಾವೂ ಸುಮ್ಮನಿರುವಂತಿಲ್ಲ.

ಇನ್ನೊಂದು ಗುಟ್ಟು. ಈ ಕೋಶದ ಆಯುಸ್ಸು ಸಾಮಾನ್ಯವಾಗಿ 5ರಿಂದ 10 ವರ್ಷ. ಗುಂಡಿ ಒತ್ತಿದರೆ ‘ಬೀಪ್’ ಎನ್ನುತ್ತದಲ್ಲ? ಹೆಚ್ಚಿನವುಗಳಲ್ಲಿ ಅದು ಬ್ಯಾಟರಿ ಮತ್ತು ಸದ್ದಿನ ಪರೀಕ್ಷೆ ಮಾತ್ರ. ಕಾವಲುಗಾರನ ಗಂಟಲು ಗಟ್ಟಿಯಿದೆ ಎಂದು ತಿಳಿಯಿತೇ ಹೊರತು ಮೂಗು ಚುರುಕಾಗಿದೆ ಎಂದಲ್ಲ!

ನಮ್ಮ ಊರಿನ ಮನೆಗಳಲ್ಲೂ ಎಚ್ಚರ ಬೇಕು. ಅಡುಗೆ ಅನಿಲದ ಸೋರಿಕೆ ತಿಳಿಸುವ ಅಲಾರಂ ಕಾರ್ಬನ್ ಮೊನಾಕ್ಸೈಡನ್ನು ಕಂಡುಹಿಡಿಯುತ್ತದೆಂದು ನಂಬಬೇಡಿ. ಅದರ ಕೆಲಸವೇ ಬೇರೆ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಬೇಡ. ಚಳಿಯೆಂದು ಬಾಗಿಲು ಮುಚ್ಚಿ ಕೆಂಡದ ಪಕ್ಕ ಮಲಗುವುದಂತೂ ಬೇಡವೇ ಬೇಡ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ಓಕರಿಕೆ ಬಂದು, ಹೊರಗೆ ಹೋದೊಡನೆ ಹಗುರವೆನಿಸಿದರೆ ಸಂಶಯಪಡಿ. ಎಲ್ಲರೂ ಮೊದಲು ಹೊರಗೆ ಬನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಮಕ್ಕಳೇ, ಮನೆಯಲ್ಲಿ ಅಲಾರಂ ಇದ್ದರೆ ನಿಮಗೊಂದು ಕೆಲಸ. ದೊಡ್ಡವರಿಂದ ಅದನ್ನು ಕೆಳಗಿಳಿಸಿ, ಹಿಂದೆ ಅಚ್ಚಾಗಿರುವ ಸಣ್ಣ ಅಕ್ಷರದ ತಾರೀಖನ್ನು ಓದಿ ಅಜ್ಜನಿಗೆ ಹೇಳಿ. ಅವಧಿ ಮುಗಿದಿದ್ದರೆ ಹೊಸದು ತರಲು ಹಟ ಹಿಡಿಯಿರಿ. ಈ ಹಟಕ್ಕೆ ಯಾರೂ ಬೈಯುವುದಿಲ್ಲ.