ಎತ್ತರದ ಕುದುರೆ, ಕುಳ್ಳ ಸವಾರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಮುಟ್ಟುವ ಮೊದಲು ಕೆಂಗಲ್ ಸಿಕ್ಕುತ್ತದೆ. ಅಲ್ಲಿಯ ಆಂಜನೇಯನ ಗುಡಿಯನ್ನು ಬಲ್ಲವರು ಹಲವರು. ಸಂಕ್ರಾಂತಿಯ ಸುಮಾರಿಗೆ ಅಲ್ಲಿ ನೆರೆಯುವ ದನಗಳ ಜಾತ್ರೆಯನ್ನು ಬಲ್ಲ ರೈತರು ಇನ್ನೂ ಹಲವರು. ಹಳ್ಳಿಕಾರ್ ತಳಿಯ ಬಿಳಿಬೂದು ಎತ್ತುಗಳು ಕೊಂಬು ನಿಮಿರಿಸಿ ಸಾಲಾಗಿ ನಿಂತಿರುವ ಆ ಜಾತ್ರೆಯಲ್ಲಿ ಒಂದು ನೋಟ ಸಾಮಾನ್ಯವಾದದ್ದು. ಎತ್ತಿನ ಹೆಗಲ ಮಟ್ಟಕ್ಕೆ ಇನ್ನೂ ಬಾರದ ಹುಡುಗನೊಬ್ಬ, ಒಂದು ಹಗ್ಗದ ತುದಿ ಹಿಡಿದು, ಆ ಪ್ರಾಣಿಯನ್ನು ನೀರಿಗೆ ಹೊಡೆದುಕೊಂಡು ಹೋಗುತ್ತಾನೆ. ಎತ್ತು ಮನಸ್ಸು ಮಾಡಿದರೆ ಹುಡುಗನನ್ನು ಹಗ್ಗದ ಸಮೇತ ಎಳೆದುಕೊಂಡು ಹೋಗಬಹುದು. ಆದರೆ ಹೋಗುವುದಿಲ್ಲ. ಏಕೆಂದರೆ ಕರುವಾಗಿದ್ದಾಗಲೇ ಅದು ಹಗ್ಗದ ಮಾತನ್ನು ಕಲಿತಿದೆ. ಹುಡುಗನೂ ಆ ಮಾತನ್ನು ಆಡಲು ಕಲಿತಿದ್ದಾನೆ. ಬಲದ ಲೆಕ್ಕ ಅಲ್ಲಿ ಬರುವುದೇ ಇಲ್ಲ.

ಎತ್ತಿನ ವಿಷಯದಲ್ಲಿ ನಾವೆಲ್ಲರೂ ಒಪ್ಪುವ ಈ ಸಂಗತಿಯನ್ನು ಕುದುರೆಯ ವಿಷಯದಲ್ಲಿ ಮಾತ್ರ ಮರೆಯುತ್ತೇವೆ. ಸವಾರಿ ಕಲಿಯಲು ಬಂದ ಗಿಡ್ಡ ಆಳನ್ನು, ಅದರಲ್ಲಿಯೂ ಹುಡುಗಿಯನ್ನು ಕಂಡರೆ, “ಆ ಎತ್ತರದ ಕುದುರೆ ನಿನಗಲ್ಲ” ಎಂದು ಹೇಳುವವರು ಬಹಳ. ಹೇಳಿದವರದು ಕಾಳಜಿಯೇ ಇರಬಹುದು. ಆದರೆ ಆ ಮಾತು ಅರ್ಧ ನಿಜ, ಅರ್ಧ ಸುಳ್ಳು. ಸುಳ್ಳಾದ ಅರ್ಧವನ್ನು ನಂಬಿದರೆ ಒಳ್ಳೆಯ ಸವಾರರು ಸವಾರಿಯನ್ನೇ ಬಿಡುತ್ತಾರೆ. ನಿಜವಾದ ಅರ್ಧವನ್ನು ತಿಳಿಯದಿದ್ದರೆ ಕೈಕಾಲು ಮುರಿದುಕೊಳ್ಳುತ್ತಾರೆ. ಎರಡನ್ನೂ ಬೇರ್ಪಡಿಸಿ ನೋಡುವುದು ಅಗತ್ಯ.

ಕುದುರೆಗೂ ಈ ಸೀಮೆಗೂ ನಂಟು ಹೊಸದಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಕುದುರೆಯ ಮೇಲೆ ತೂಗಾಡದ ಮಕ್ಕಳು ನಮ್ಮಲ್ಲಿ ಕಡಮೆ. ರಾಮನಗರದ ಬಂಡೆಗಳ ನಡುವೆ ತೆಗೆದು ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಲ್ಲಿ ಡಕಾಯಿತರ ಕುದುರೆಗಳೂ ಟಾಂಗಾದ ಕುದುರೆಯೂ ಓಡಿದ್ದು ಇದೇ ನೆಲದ ಮೇಲೆ. ಮಾಗಡಿಗೆ ನೆರೆಯ ಕುಣಿಗಲ್ ಕುದುರೆ ಸಾಕಣೆಗೆ ಬಹುಕಾಲದಿಂದ ಹೆಸರಾದದ್ದು. ಟಿಪ್ಪು ಸುಲ್ತಾನನ ದಂಡಿನ ಕಾಲದಿಂದ ಅದರ ಕಥೆಯನ್ನು ಹೇಳುವುದುಂಟು. ೧೯೧೮ರ ಸೆಪ್ಟೆಂಬರ್ ೨೩ರಂದು ದೂರದ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ದಂಡಿನಲ್ಲಿ ಜೋಧಪುರದವರ ಜೊತೆಗೆ ನಮ್ಮ ಮೈಸೂರು ಲ್ಯಾನ್ಸರ್‌ಗಳೂ ಇದ್ದರು. ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರು ಸಾಗಿ ಬರುವುದನ್ನು ನೀವು ನೋಡಿಯೇ ಇದ್ದೀರಿ.

ಮೊದಲು ಅಳತೆಯ ಮಾತು. ಕುದುರೆಯ ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ; ಕತ್ತು ಮುಗಿದು ಬೆನ್ನು ಮೊದಲಾಗುವ ಹೆಗಲ ದಿಬ್ಬದವರೆಗೆ ಅಳೆಯುತ್ತಾರೆ. ಅಳತೆಯ ಮಾನಕ್ಕೆ ‘ಹ್ಯಾಂಡ್’ ಎಂದು ಹೆಸರು. ಒಂದು ಹ್ಯಾಂಡ್ ಎಂದರೆ ನಾಲ್ಕು ಅಂಗುಲ. ಐದು ಅಡಿ ಎತ್ತರದ ಮನುಷ್ಯನನ್ನು ಈ ಲೆಕ್ಕದಲ್ಲಿ ಅಳೆದರೆ ಸರಿಯಾಗಿ ೧೫ ಹ್ಯಾಂಡ್ ಆಗುತ್ತಾನೆ. ಪಂದ್ಯದ ಥರೋಬ್ರೆಡ್ ಕುದುರೆ ಸುಮಾರು ೧೬ ಹ್ಯಾಂಡ್, ಅಂದರೆ ಐದು ಅಡಿ ನಾಲ್ಕು ಅಂಗುಲ. ಹೀಗಾಗಿ ನಮ್ಮ ಸವಾರ ಕುದುರೆಯ ಪಕ್ಕದಲ್ಲಿ ನಿಂತರೆ ಅದರ ಬೆನ್ನಿನ ಆಚೆಗೆ ಏನಿದೆಯೆಂದು ಕಾಣುವುದಿಲ್ಲ. ಜೀನು ಅವನ ತಲೆಯ ಮಟ್ಟಕ್ಕಿಂತ ಮೇಲೆ. ತೂಕದಲ್ಲಂತೂ ಕುದುರೆ ೪೫೦ರಿಂದ ೫೦೦ ಕಿಲೋ. ಸವಾರ ೫೦ ಕಿಲೋ. ಹೆದರಿಕೆ ಬರುವುದು ಸಹಜವೇ.

ಆದರೆ ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡಿ. ಆರು ಅಡಿಯ ಜಟ್ಟಿಯೊಬ್ಬ ೯೦ ಕಿಲೋ ತೂಗಿದರೂ ಕುದುರೆಯ ತೂಕದ ಐದರಲ್ಲೊಂದು ಪಾಲು ಮಾತ್ರ. ಎಳೆದಾಟಕ್ಕೆ ನಿಂತರೆ ಅವನೂ ಸೋಲುತ್ತಾನೆ. ಬಲದಿಂದ ಕುದುರೆಯನ್ನು ಗೆದ್ದವರು ಯಾರೂ ಇಲ್ಲ. ಬೆಂಗಳೂರು, ಮೈಸೂರುಗಳ ಪಂದ್ಯದ ಬಯಲಿನಲ್ಲಿ ಎತ್ತರದ ಕುದುರೆಗಳನ್ನು ಓಡಿಸುವ ಜಾಕಿಗಳು ಸಾಮಾನ್ಯವಾಗಿ ಕುಳ್ಳರೇ, ಹಗುರವಾದವರೇ. ಅವರ ರಿಕಾಪು ಎಷ್ಟು ಗಿಡ್ಡವೆಂದರೆ ಕಾಲು ಕುದುರೆಯ ಪಕ್ಕೆಗೆ ಸುತ್ತಿಕೊಳ್ಳುವುದೇ ಇಲ್ಲ. ಉದ್ದ ಕಾಲು ಇದ್ದವನೇ ಕುದುರೆ ಆಳಬಲ್ಲ ಎಂಬ ಮಾತು ಅಲ್ಲಿಯೇ ಬಿದ್ದುಹೋಗುತ್ತದೆ.

ಇದಕ್ಕಿಂತ ದೊಡ್ಡ ಸಾಕ್ಷಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಯದು. ೧೯೪೪ರಲ್ಲಿ ಆಕೆಗೆ ಪೋಲಿಯೋ ತಗುಲಿ ಮೊಣಕಾಲಿನ ಕೆಳಗೆ ಶಕ್ತಿಯೇ ಉಳಿಯಲಿಲ್ಲ. ಕುದುರೆ ಹತ್ತಲೂ ಇಳಿಯಲೂ ಇನ್ನೊಬ್ಬರ ಕೈ ಬೇಕಾಗಿತ್ತು. ಆದರೂ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ, ‘ಜೂಬಿಲಿ’ ಎಂಬ ಕುದುರೆಯ ಮೇಲೆ ಕುಳಿತು, ಡ್ರೆಸಾಜ್ ಸ್ಪರ್ಧೆಯಲ್ಲಿ ಗಂಡಸರ ಜೊತೆಯಲ್ಲಿ ಸೆಣಸಿ ಬೆಳ್ಳಿಯ ಪದಕ ಪಡೆದಳು; ೧೯೫೬ರಲ್ಲಿ ಮತ್ತೊಮ್ಮೆ ಪಡೆದಳು. ಕಾಲಿನ ಬಲವೇ ಇಲ್ಲದವಳು ಗೆದ್ದದ್ದು ಯಾವುದರಿಂದ? ಕೂಡುವ ಸಮತೋಲದಿಂದ, ಮೈಭಾರದ ಸೂಕ್ಷ್ಮ ಬದಲಾವಣೆಯಿಂದ, ಕುದುರೆಗೆ ಕೊಟ್ಟ ಶಿಕ್ಷಣದಿಂದ. ಕುದುರೆಯ ಚರ್ಮ ಎಷ್ಟು ಸೂಕ್ಷ್ಮವೆಂದರೆ ಒಂದು ನೊಣ ಕುಳಿತರೂ ಅದು ಅಲ್ಲಿಯೇ ಅದುರುತ್ತದೆ. ನೊಣದ ಭಾರವನ್ನು ಅರಿಯುವ ಪ್ರಾಣಿಗೆ ನಮ್ಮ ಹಿಮ್ಮಡಿ ಹಗುರವೆಂದು ತೋರುವುದೆ?

ಇನ್ನು ಆರಿಸುವ ವಿಚಾರ. ಅಭಿನವಚಂದ್ರನ ‘ಅಶ್ವಶಾಸ್ತ್ರ’ದಂಥ ಗ್ರಂಥಗಳು ಕನ್ನಡದಲ್ಲಿ ಹಿಂದೆಯೇ ಹುಟ್ಟಿವೆ. ಸುಳಿ ನೋಡಿ ಎತ್ತನ್ನೂ ಕುದುರೆಯನ್ನೂ ಕೊಳ್ಳುವ ವಾಡಿಕೆ ಈಗಲೂ ಇದೆ. ಸುಳಿ ನೋಡುವವರು ನೋಡಲಿ. ಆದರೆ ಕುಳ್ಳ ಸವಾರ ಅದಕ್ಕೆ ಮೊದಲು ನೋಡಬೇಕಾದ ಸಂಗತಿಗಳು ಬೇರೆ ಇವೆ.

ಮೊದಲನೆಯದು ಎತ್ತರವಲ್ಲ, ಅಗಲ. ಪೀಪಾಯಿಯಂತೆ ಪಕ್ಕೆ ಉಬ್ಬಿದ ಕುದುರೆ ೧೪ ಹ್ಯಾಂಡ್ ಇದ್ದರೂ ಗಿಡ್ಡ ಕಾಲಿನವನ ತೊಡೆಯನ್ನು ಅಗಲಿಸಿ ಸೊಂಟಕ್ಕೆ ನೋವು ತರುತ್ತದೆ. ಹಿಮ್ಮಡಿ ಹೊರಕ್ಕೆ ಚಾಚಿಕೊಂಡು ಕುದುರೆಯನ್ನು ಮುಟ್ಟುವುದೇ ಇಲ್ಲ. ಪಕ್ಕೆ ಕಿರಿದಾದ ಕುದುರೆ ೧೬ ಹ್ಯಾಂಡ್ ಇದ್ದರೂ ಅದರ ಮೇಲೆ ಕಾಲು ನೇರವಾಗಿ ಇಳಿಬೀಳುತ್ತದೆ.

ಎರಡನೆಯದು ಹೆಜ್ಜೆ. ದೊಡ್ಡ ಕುದುರೆಯ ಹೆಜ್ಜೆ ದೊಡ್ಡದು. ಕುಕ್ಕುಲೋಟದಲ್ಲಿ ಅದು ಹಗುರವಾದ ಸವಾರನನ್ನು ಜೀನಿನಿಂದ ಎತ್ತಿ ಎಸೆಯುತ್ತದೆ. ಎಲ್ಲ ದೊಡ್ಡ ಕುದುರೆಗಳೂ ಹೀಗಲ್ಲ. ನೀರಿನಂತೆ ಹರಿಯುವ ನಡೆಯವೂ ಇವೆ. ಹತ್ತಿ ನೋಡದೆ ಇದು ತಿಳಿಯದು. ಮೂರನೆಯದು ಬಾಯಿ. ಲಗಾಮನ್ನು ಎಳೆಯುತ್ತಲೇ ಓಡುವ ಕುದುರೆಯನ್ನು ಗಿಡ್ಡ ತೋಳಿನ ಸವಾರ ಮುಟ್ಟಬಾರದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ ಸವಾರಿಯೆಲ್ಲ ಜಗ್ಗಾಟವೇ ಆದೀತು. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನೆಲದ ಮೇಲಿನ ನಡತೆ. ತಲೆಹಗ್ಗ ಹಾಕುವಾಗ ತಲೆ ತಗ್ಗಿಸುತ್ತದೆಯೆ? ಹತ್ತುವಾಗ ಕದಲದೆ ನಿಲ್ಲುತ್ತದೆಯೆ? ಕಾಲೆತ್ತಿ ಗೊರಸು ತೋರಿಸುತ್ತದೆಯೆ?

ಇದನ್ನೆಲ್ಲ ತಿಳಿಯಲು ಒಂದು ಉಪಾಯವುಂಟು. ಮಾರುವವರು ಜೀನು ಕಟ್ಟಿ ಸಿದ್ಧವಾಗಿ ನಿಲ್ಲಿಸಿದ ಕುದುರೆಯನ್ನು ಮಾತ್ರ ನೋಡಿ ಬರಬೇಡಿ. ಲಾಯದಲ್ಲಿ ಇರುವಾಗಲೇ ಹೋಗಿ. ಹಿಡಿಯುವುದು, ಮೈ ತಿಕ್ಕುವುದು, ಜೀನು ಕಟ್ಟುವುದು ಎಲ್ಲವೂ ನಿಮ್ಮ ಕಣ್ಣ ಮುಂದೆ ನಡೆಯಲಿ. ಮೊದಲು ಅವರೇ ಹತ್ತಿ ಓಡಿಸಲಿ, ಆಮೇಲೆ ನಿಮ್ಮ ಶಿಕ್ಷಕರು, ಕೊನೆಗೆ ನೀವು. ಇನ್ನೊಂದು ದಿನ, ಇನ್ನೊಂದು ಹೊತ್ತಿನಲ್ಲಿ ಮತ್ತೆ ಹೋಗಿ ನೋಡಿ. ಪಶುವೈದ್ಯರಿಂದ ಪರೀಕ್ಷೆ ಮಾಡಿಸದೆ ಹಣ ಕೊಡಬೇಡಿ.

ಪಂದ್ಯದಿಂದ ನಿವೃತ್ತವಾದ ಕುದುರೆ ಅಗ್ಗಕ್ಕೆ ಸಿಕ್ಕುತ್ತದೆಂದು ಆಸೆಪಡುವವರಿಗೆ ಒಂದು ಮಾತು. ಪಂದ್ಯದ ಬಯಲಿನಲ್ಲಿ ಜಾಕಿಯನ್ನು ಸಹಾಯಕನೊಬ್ಬ ಎಡಗಾಲಿಗೆ ಕೈಕೊಟ್ಟು ಎತ್ತಿ ಕೂರಿಸುತ್ತಾನೆ, ಅದೂ ಅನೇಕ ವೇಳೆ ಕುದುರೆ ನಡೆಯುತ್ತಿರುವಾಗಲೇ. ನಿಂತು ಹತ್ತಿಸಿಕೊಳ್ಳುವ ಪಾಠ ಆ ಕುದುರೆಗೆ ಆಗಿರುವುದಿಲ್ಲ. ಲಗಾಮು ಬಿಗಿಯಾದರೆ ಅದಕ್ಕೆ ಆತು ಓಡುವುದೂ ಅದಕ್ಕೆ ಅಭ್ಯಾಸ. ಮತ್ತೆ ತಿದ್ದಬಲ್ಲ ಒಳ್ಳೆಯ ಶಿಕ್ಷಕರಿದ್ದರೆ ಅಂಥ ಕುದುರೆ ಬಂಗಾರವಾಗುತ್ತದೆ. ಇಲ್ಲದಿದ್ದರೆ ಹೊಸಬರಿಗೆ ಅದು ತಕ್ಕದ್ದಲ್ಲ.

ಕುದುರೆ ಮನೆಗೆ ಬಂದಿತು ಎನ್ನೋಣ. ಅದರ ಎದುರಿಗೆ ನಿಂತು ಎಳೆಯಬೇಡಿ. ಮೂಗಿನ ನೇರಕ್ಕೆ ತೀರ ಹತ್ತಿರವಿರುವುದೂ ಬಾಲದ ನೇರ ಹಿಂದಿರುವುದೂ ಅದಕ್ಕೆ ಕಾಣುವುದಿಲ್ಲ. ಎಡಗಡೆ, ತಲೆಗೂ ಭುಜಕ್ಕೂ ನಡುವೆ ನಿಂತು ನಡೆಸಿ. ಹಗ್ಗವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬೇಡಿ. ಕುದುರೆ ಬೆಚ್ಚಿದರೆ ಬೆರಳು ಉಳಿಯುವುದಿಲ್ಲ. ತಲೆ ಎತ್ತಿ ಹಿಡಿಯುವ ಕುದುರೆಗೆ ತಲೆ ತಗ್ಗಿಸುವುದನ್ನು ಕಲಿಸುವುದೇ ಕುಳ್ಳ ಸವಾರನ ಮೊದಲ ಪಾಠ. ಹಗ್ಗವನ್ನು ಮೆಲ್ಲಗೆ ಕೆಳಕ್ಕೆ ಒತ್ತಿ ಹಿಡಿದು ಕಾಯಿರಿ. ತಲೆ ಒಂದೇ ಒಂದು ಅಂಗುಲ ಇಳಿದರೂ ಆ ಕ್ಷಣವೇ ಸಡಿಲ ಬಿಡಿ. ಒತ್ತುವುದರಿಂದ ಕುದುರೆ ಕಲಿಯುವುದಿಲ್ಲ, ಬಿಡುವುದರಿಂದ ಕಲಿಯುತ್ತದೆ. ದಿನಕ್ಕೆ ಹತ್ತು ನಿಮಿಷದಂತೆ ಕೆಲವು ವಾರ ಮಾಡಿದರೆ ಕಡಿವಾಣ ಹಾಕಲು ಅದೇ ತಲೆಯನ್ನು ನಿಮ್ಮ ಎದೆಯ ಮಟ್ಟಕ್ಕೆ ತಂದುಕೊಡುತ್ತದೆ. ಜೀನು ಹೊರಿಸಲು ಗಟ್ಟಿಯಾದ ಮಣೆಯೊಂದನ್ನು ಇಟ್ಟುಕೊಳ್ಳಿ. ಕೆಳಗಿನಿಂದ ಎಸೆದ ಜೀನು ಬೆನ್ನಿಗೆ ಧೊಪ್ಪನೆ ಬಿದ್ದರೆ ಮರುದಿನದಿಂದ ಜೀನು ಕಂಡೊಡನೆ ಕುದುರೆ ಸರಿದುಕೊಳ್ಳುತ್ತದೆ.

ಹತ್ತುವುದರಲ್ಲಿ ಅಭಿಮಾನ ಬೇಡ. ನೆಲದಿಂದಲೇ ಹತ್ತಬೇಕು, ಮೆಟ್ಟಿಲು ಬಳಸುವುದು ಹೇಡಿತನ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ನೆಲದಿಂದ ಜೋತುಬಿದ್ದು ಹತ್ತಿದರೆ ಜೀನು ಒಂದು ಕಡೆಗೆ ತಿರುಚಿ ಕುದುರೆಯ ಬೆನ್ನಿಗೆ ಪೆಟ್ಟು. ಎತ್ತರದ ಸವಾರರೂ ಮೆಟ್ಟಿಲು ಬಳಸುವುದೇ ಒಳ್ಳೆಯದು. ಪಟ್ಟಣದಲ್ಲಿ ಮರದ ಮೆಟ್ಟಿಲು, ಹಳ್ಳಿಯಲ್ಲಿ ಕಲ್ಲುಚಪ್ಪಡಿ ಅಥವಾ ಜಗಲಿಯ ಅಂಚು, ಯಾವುದಾದರೂ ಸರಿ, ಅಲುಗಾಡಬಾರದು. ಹತ್ತುವ ಮೊದಲು ಹೊಟ್ಟೆಯ ಪಟ್ಟಿಯನ್ನು ಮತ್ತೊಮ್ಮೆ ಬಿಗಿಯಿರಿ. ಎಡಗೈಯಲ್ಲಿ ಲಗಾಮಿನ ಜೊತೆಗೆ ಒಂದು ಹಿಡಿ ಜೂಲು ಇರಲಿ. ಜೀನಿಗೆ ಧೊಪ್ಪೆಂದು ಕುಳಿತುಕೊಳ್ಳದೆ ಮೆಲ್ಲಗೆ ಇಳಿಯಿರಿ. ಕೆಳಕ್ಕೆ ಬರುವಾಗ ಎರಡು ಕಾಲುಗಳನ್ನೂ ರಿಕಾಪಿನಿಂದ ಬಿಡಿಸಿಕೊಂಡು, ಹೊಟ್ಟೆ ಜೀನಿಗೆ ತಾಗಿರುವಂತೆ ಜಾರಿ, ಮೊಣಕಾಲು ಮಡಿಸಿ ನೆಲ ಮುಟ್ಟಿರಿ. ಒಂದು ಕಾಲು ರಿಕಾಪಿನಲ್ಲಿ ಸಿಕ್ಕಿಕೊಂಡೇ ಇನ್ನೊಂದನ್ನು ನೆಲಕ್ಕೆ ಚಾಚುವುದು ಗಿಡ್ಡ ಕಾಲಿನವರಿಗೆ ಅಪಾಯ.

ರಿಕಾಪಿನ ಉದ್ದವನ್ನು ಕುದುರೆಯ ಗಾತ್ರ ನೋಡಿ ಇಡಬಾರದು, ನಿಮ್ಮ ತೋಳು ನೋಡಿ ಇಡಬೇಕು. ಬೆರಳ ತುದಿಯನ್ನು ಪಟ್ಟಿಯ ಮೇಲಿನ ಕೊಕ್ಕೆಗೆ ಮುಟ್ಟಿಸಿ ಕೈ ಚಾಚಿದರೆ ರಿಕಾಪಿನ ಕಬ್ಬಿಣ ಕಂಕುಳಿಗೆ ತಾಗುವಷ್ಟು ಇದ್ದರೆ ಮೊದಲಿಗೆ ಸರಿ. ದೊಡ್ಡ ಕುದುರೆಯೆಂದು ಪಟ್ಟಿಯನ್ನು ಉದ್ದ ಬಿಟ್ಟರೆ ಬೆರಳ ತುದಿಯಲ್ಲಿ ನಿಂತು ಹಿಮ್ಮಡಿ ಮೇಲಕ್ಕೇರಿ ಸಮತೋಲ ತಪ್ಪುತ್ತದೆ. ಜೀನಿನ ಪಕ್ಕದ ಚರ್ಮವೂ ಗಿಡ್ಡವಾಗಿರಲಿ. ಇಲ್ಲದಿದ್ದರೆ ನಿಮ್ಮ ಕಾಲು ಮುಟ್ಟುವುದು ಚರ್ಮವನ್ನೇ, ಕುದುರೆಯನ್ನಲ್ಲ.

ಮುಂದಕ್ಕೆ ನಡೆಸಲು ಮೊದಲು ಕಾಲಿನ ಹಗುರವಾದ ಸ್ಪರ್ಶ. ಉತ್ತರ ಬಾರದಿದ್ದರೆ ಕಾಲಿನ ಹಿಂದೆಯೇ ಬೆತ್ತದ ಒಂದು ಸಣ್ಣ ತಟ್ಟು. ಹೆಜ್ಜೆಯಿಟ್ಟೊಡನೆ ಎರಡನ್ನೂ ಬಿಡುವುದು. ಪ್ರತಿ ಹೆಜ್ಜೆಗೂ ಒದೆಯುತ್ತ ಹೋದರೆ ಒಂದು ತಿಂಗಳಲ್ಲಿ ಕುದುರೆ ಕಿವುಡಾಗುತ್ತದೆ. ಆಗ ನಿಜವಾಗಿಯೂ ಬಲವುಳ್ಳವರೇ ಬೇಕಾಗುತ್ತಾರೆ. ನಿಲ್ಲಿಸುವುದೂ ಹೀಗೆಯೇ: ಮೈಯನ್ನು ನೆಟ್ಟಗೆ ಮಾಡಿ, ಉಸಿರು ಬಿಟ್ಟು, ಆಮೇಲೆ ಲಗಾಮನ್ನು ಹಿಡಿದು ಬಿಡುವುದು, ಹಿಡಿದು ಬಿಡುವುದು. ಜಗ್ಗಿಕೊಂಡೇ ಇದ್ದರೆ ನೀವೇ ಅದಕ್ಕೆ ಆಧಾರ ಕೊಟ್ಟಂತೆ. ಕುದುರೆ ಓಟಕ್ಕೆ ಬಿದ್ದರೆ, ಸ್ಥಳವಿದ್ದಲ್ಲಿ ದೊಡ್ಡ ವೃತ್ತದಲ್ಲಿ ತಿರುಗಿಸಿ ವೃತ್ತವನ್ನು ಕ್ರಮವಾಗಿ ಕಿರಿದುಮಾಡಿ. ಥಟ್ಟನೆ ತಿರುಗಿಸಿದರೆ ಇಬ್ಬರೂ ಬೀಳುತ್ತೀರಿ. ನಾಲ್ಕು ಹೆಜ್ಜೆ ನಡೆಯುವುದಾದರೂ ತಲೆಗೆ ಸವಾರಿಯ ಹೆಲ್ಮೆಟ್, ಕಾಲಿಗೆ ಹಿಮ್ಮಡಿಯಿರುವ ಬೂಟು ಇರಲೇಬೇಕು. ಎತ್ತರ ಹೆಚ್ಚಿದಷ್ಟೂ ಬೀಳುವ ದೂರವೂ ಹೆಚ್ಚು.

ಈಗ ನಿಜವಾದ ಅರ್ಧಕ್ಕೆ ಬರೋಣ. ಕೆಲವು ಕುದುರೆಗಳು ಕೆಲವರಿಗಲ್ಲ. ಪಳಗದ ಎಳೆಯ ಕುದುರೆ, ಹತ್ತುವಾಗ ತಿರುಗುವ ಕುದುರೆ, ಬೆದರಿದೊಡನೆ ಕಡಿವಾಣ ಕಚ್ಚಿ ಓಡುವ ಕುದುರೆ ಇವು ಹೊಸಬರಿಗೆ ಬೇಡ. ಹೊಸಬರು ಐದು ಅಡಿಯವರಾದರೂ ಬೇಡ, ಆರು ಅಡಿಯವರಾದರೂ ಬೇಡ. ನಿಮ್ಮ ಎದೆ ಡವಗುಟ್ಟುತ್ತಿದ್ದರೆ ಆ ದಿನ ಹತ್ತದೆ ನೆಲದ ಮೇಲಿನ ಪಾಠವನ್ನೇ ಮಾಡಿ. ಹೆದರಿದ ಸವಾರ ಲಗಾಮಿಗೆ ಜೋತುಬೀಳುತ್ತಾನೆ. ಕುದುರೆಯ ಬಾಯಿ ನೋಯುತ್ತದೆ. ನೋವಿಗೆ ಅದು ಇನ್ನಷ್ಟು ಓಡುತ್ತದೆ. ಹೀಗೆ ಒಳ್ಳೆಯ ಕುದುರೆಗಳು ಕೆಟ್ಟ ಹೆಸರು ಹೊತ್ತು ಕೈಯಿಂದ ಕೈಗೆ ಮಾರಾಟವಾಗುವುದುಂಟು. ಧೈರ್ಯವೆಂದರೆ ಹೆದರಿಕೆಯನ್ನು ಮುಚ್ಚಿಟ್ಟು ಹತ್ತುವುದಲ್ಲ. ಮುಂದೇನು ಮಾಡಬೇಕೆಂಬುದು ಕೈಗೂ ಕಾಲಿಗೂ ತಿಳಿದಿರುವುದೇ ಧೈರ್ಯ, ಮತ್ತು ಅದು ಅಭ್ಯಾಸದಿಂದ ಮಾತ್ರ ಬರುವಂಥದು.

ಆದುದರಿಂದ ಕುಳ್ಳನೆಂಬ ಕಾರಣಕ್ಕೆ ನಿಮ್ಮನ್ನು ಯಾರಾದರೂ ತಡೆದರೆ ಜಗಳಕ್ಕೆ ಹೋಗಬೇಡಿ. “ಈ ಕುದುರೆ ಹತ್ತುವಾಗ ನಿಲ್ಲುತ್ತದೆಯೆ? ಲಗಾಮಿಗೆ ಹಗುರವೆ? ಇದರ ಪಕ್ಕೆ ಎಷ್ಟು ಅಗಲ?” ಎಂದು ಕೇಳಿ. ಉತ್ತರ ಸರಿಯಾಗಿದ್ದರೆ ಒಂದು ಮೆಟ್ಟಿಲು ತರಿಸಿ.