ಹುಲ್ಲು ಮೆತ್ತಗಾಗಿಸುವ ಕಿಣ್ವ

ಅಕ್ಕಂದಿರೇ, ಯೂರಿಯಾ ಹಾಕಿ ಮುಚ್ಚಿಟ್ಟ ಭತ್ತದ ಹುಲ್ಲಿನ ಟಾರ್ಪಾಲು ತೆಗೆದಾಗ ಮೂಗಿಗೆ ಬಡಿಯುವ ಘಾಟು ಅಮೋನಿಯಾದ್ದು. ಹುಲ್ಲಿನಲ್ಲೇ ಇರುವ ಸೂಕ್ಷ್ಮಾಣುಗಳ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅದನ್ನು ತಯಾರಿಸುತ್ತದೆ. ಅಮೋನಿಯಾ ಗಟ್ಟಿ ನಾರನ್ನು ಸಡಿಲಿಸುವುದರಿಂದ ಹುಲ್ಲು ಹಸುವಿಗೆ ಚೆನ್ನಾಗಿ ಜೀರ್ಣವಾಗುತ್ತದೆ.

100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರು. ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಿ. ಕಿಣ್ವಕ್ಕೂ ಸಮಯ ಬೇಕು, ಅವಸರ ಬೇಡ. ತಿನ್ನಿಸುವ ಮೊದಲು ಹರಡಿ, ಘಾಟು ಹೋಗಲಿ. ಆರು ತಿಂಗಳೊಳಗಿನ ಕರುಗಳಿಗೆ ಕೊಡಬೇಡಿ.

ಯೂರಿಯಾ ಕಲಸಿದ ಬಕೆಟ್ ಮಾತ್ರ ಹಸುವಿನ ಬಾಯಿಗೆ ಸಿಗಬಾರದು. ಆ ನೀರು ಕುಡಿದರೆ ಇದೇ ಕಿಣ್ವ ಹೊಟ್ಟೆಯೊಳಗೇ ಗಂಟೆಯೊಳಗೆ ಅಮೋನಿಯಾ ತುಂಬಿಸುತ್ತದೆ. ಜೊಲ್ಲು, ನಡುಕ, ಹೊಟ್ಟೆಯುಬ್ಬರ ಕಂಡರೆ ಕೂಡಲೇ ಫೋನ್ ಮಾಡಿ. ನಾವು ಬರುವಷ್ಟರಲ್ಲಿ ಎಷ್ಟೋ ಸಲ ತಡವಾಗಿರುತ್ತದೆ.